ಮಾಡು ಧಣಿಯದು, ಮಳೆ ನಮ್ಮದು

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಕರೆಯುವುದು ರೂಢಿ. ವೇದಿಕೆ ಹತ್ತಿದವರು ಈ ಮಾತನ್ನು ಹೇಳದೆ ಇಳಿಯುವುದಿಲ್ಲ. ಪೇಟೆಯ ಬಾಡಿಗೆ ಮನೆಯೊಂದರಲ್ಲಿ 1988ರಿಂದ 2003ರ ತನಕ ಹದಿನೈದು ವರ್ಷ ಕಳೆದ ನನಗೆ ಆ ಏಳರಲ್ಲಿ ಮೂರು ಭಾಷೆಗಳ ಒಂದೊಂದು ಮಾತು ಚೆನ್ನಾಗಿ ಬಾಯಿಪಾಠವಾಗಿದೆ. ಕನ್ನಡದಲ್ಲಿ ಅದು 'ನೋಡುವ', ಮಲಯಾಳದಲ್ಲಿ 'ನೋಕ್ಕಾಂ', ತುಳುವಿನಲ್ಲಿ 'ತೂಕ'. ಮಾಡು ಸೋರುತ್ತಿದೆ ಎಂದು ಹೇಳಿದಾಗ ಮನೆಯ ಧಣಿ ಕೊಡುವ ಉತ್ತರ ಇದು. ನಮ್ಮ ಧಣಿಗಳ ಮನೆಮಾತು ಮಲಯಾಳ. ಎಳವೆಯಲ್ಲಿ ಮಂಗಳೂರಿನ ಬಂದರಿನಲ್ಲಿ ವ್ಯಾಪಾರಕ್ಕಿದ್ದ ಕಾರಣ ತುಳು ನೀರು ಕುಡಿದಂತೆ ಬರುತ್ತಿತ್ತು. ನಮ್ಮಿಬ್ಬರ ವ್ಯವಹಾರವೆಲ್ಲ ತುಳುವಿನಲ್ಲಿಯೇ. ಆದ್ದರಿಂದ ನನಗೆ ಹೆಚ್ಚು ಸಿಕ್ಕಿದ್ದು 'ತೂಕ ಮಾಸ್ಟ್ರೇ'. ಕನ್ನಡದ ಕಿವಿಗೆ ಅದು ತಕ್ಕಡಿಯ ತೂಕದ ಹಾಗೆ ಕೇಳುತ್ತದೆ. ತೂಗಿ ನೋಡಿದರೆ ಅದರಲ್ಲಿ ಒಂದು ಗುಲಗಂಜಿಯಷ್ಟೂ ಭಾರ ಇರಲಿಲ್ಲ.

ಮನೆ ಹಳೆಯದು. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಮುಂದೆ ಜಗಲಿ, ಹಿಂದೆ ಅಡುಗೆಮನೆ, ಅದಕ್ಕೆ ತಾಗಿ ಬಚ್ಚಲು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮನೆಗಳ ರೂಪವೇ ಬದಲಾಯಿತು. ವರ್ಷ ವರ್ಷ ಸೋಗೆ, ಮಡಲು ಹೊದೆಸುವ ಕಷ್ಟ ತಪ್ಪಿತು. ಆದರೆ ಹೆಂಚು ಹಾಕಿದ ಮೇಲೆ ನೂರು ವರ್ಷ ತಿರುಗಿ ನೋಡಬೇಕಿಲ್ಲ ಎಂಬ ಭ್ರಮೆಯೂ ಅದರ ಜತೆಗೇ ಬಂತೆಂದು ತೋರುತ್ತದೆ. ಹೆಂಚು ನಿಜವಾಗಿ ನೂರು ವರ್ಷ ಬಾಳಬಹುದು. ಅದರ ಕೆಳಗಿನ ಮರ ಬಾಳಬೇಕಲ್ಲ!

ಹಾಳಾಗುವ ಕ್ರಮ ಹೀಗೆ. ತೆಂಗಿನ ಮರದಿಂದ ಒಂದು ಕಾಯಿಯೋ ಒಣ ಮಡಲೋ ಬಿದ್ದು ಒಂದು ಹೆಂಚು ಒಡೆಯುತ್ತದೆ. ಅಥವಾ ಬೆಕ್ಕು ಓಡಿ ಹೆಂಚು ಜರುಗುತ್ತದೆ. ಅಲ್ಲಿ ಇಳಿದ ನೀರು ರೀಪನ್ನು ಒದ್ದೆ ಮಾಡುತ್ತದೆ. ರೀಪಿನಿಂದ ಪಕ್ಕಾಸಿಗೆ, ಪಕ್ಕಾಸಿನ ಉದ್ದಕ್ಕೆ ಹರಿದು ಗೋಡೆಯ ತಲೆಗೆ. ಒದ್ದೆ ಮರಕ್ಕೆ ಒರಲೆ ಬರುತ್ತದೆ. ಪಕ್ಕಾಸಿನ ತುದಿ ಕುಂಬಾದಾಗ ಮಾಡು ಒಂದಿಷ್ಟು ತಗ್ಗುತ್ತದೆ, ತಗ್ಗಿದಾಗ ಹೆಂಚುಗಳ ಸಂದು ಬಿಡುತ್ತದೆ, ಇನ್ನಷ್ಟು ನೀರು. ಕೊನೆಗೆ ಗೋಡೆ. ಮುರಕಲ್ಲು ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಮಳೆಗೆ ಅದು ಸುಲಭದಲ್ಲಿ ಜಗ್ಗುವುದಿಲ್ಲ. ಆದರೆ ಹಳೆಯ ಗೋಡೆಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಇರುವುದು ಮಣ್ಣು. ಆ ಮಣ್ಣು ಕರಗಿ ಹೋದರೆ ಗೋಡೆ ಬರಿಯ ಕಲ್ಲುಗಳ ರಾಶಿ. ಇವೆಲ್ಲ ಒಂದು ಹೆಂಚಿನಿಂದ ಆಗುವ ಕೆಲಸ. ಮೊದಲಿನ ವಾರ ಐದು ರೂಪಾಯಿಯಲ್ಲಿ ಮುಗಿಯುವುದು ಮೂರನೆಯ ಮಳೆಗಾಲಕ್ಕೆ ಐದು ಸಾವಿರಕ್ಕೆ ನಿಲ್ಲುತ್ತದೆ.

ನಾನು ಮೊದಲು ಹೇಳಿದ್ದು 1995ರಲ್ಲಿ. ಧಣಿಗಳು ಪ್ರತಿ ತಿಂಗಳ ಮೊದಲ ವಾರ ಚಂದ್ರಗಿರಿ ಹೊಳೆಯ ಆಚೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಜಗಲಿಯಲ್ಲಿ ಕುಳಿತು ನೀರು ಬೆಲ್ಲ ತೆಗೆದುಕೊಂಡು, ಬಾಡಿಗೆಯ 500 ರೂಪಾಯಿ ಎಣಿಸಿ, ನನ್ನ ತಾಯಿಯ ಮೊಣಕಾಲು ನೋವನ್ನು ವಿಚಾರಿಸಿ ಹೊರಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಬಾಡಿಗೆ ಎರಡು ದಿನ ತಡವಾದರೆ ಮುಖ ಸಿಂಡರಿಸಿದವರೂ ಅಲ್ಲ. ಒಳಗೆ ಬಂದು ಮಾಡು ನೋಡಿ ಎಂದರೆ ಮಾತ್ರ ಬಸ್ಸಿಗೆ ಹೊತ್ತಾಗುತ್ತಿತ್ತು.

ನಮ್ಮ ಊರಿನಲ್ಲಿ ಮಾಡಿನ ಕೆಲಸಕ್ಕೆ ಒಂದು ಗಡುವು ಇದೆ. ವಿಷು ಕಳೆದು ಪತ್ತನಾಜೆಯ ಒಳಗೆ ಆಗಬೇಕು. ಬೇಶದ ಹತ್ತು, ಅಂದರೆ ಮೇ ತಿಂಗಳ 24-25ರ ಹೊತ್ತಿಗೆ, ಆಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲಗಳು ನಿಲ್ಲುತ್ತವೆ. ಅದರ ನಂತರ ಹೆಂಚು ತೆಗೆದರೆ ಮುಚ್ಚುವ ಮೊದಲು ಮಳೆ. ಆ ನಲವತ್ತು ದಿನಗಳಲ್ಲಿ ಆಚಾರಿಯೂ ಮೇಸ್ತ್ರಿಯೂ ಕೈಗೆ ಸಿಗುವುದೇ ಕಷ್ಟ. 1996ರ ಪತ್ತನಾಜೆ ಹೋಯಿತು, 1997ರದ್ದೂ ಹೋಯಿತು. ಕಾರ್ತೆಲಿನಲ್ಲಿ ಅಡುಗೆಮನೆಯೊಳಗೆ ಏಳು ಪಾತ್ರೆ ಇಟ್ಟೆವು. ಮಕ್ಕಳಿಗೆ ಅದೊಂದು ಆಟ: ಯಾವ ಪಾತ್ರೆ ಮೊದಲು ತುಂಬುತ್ತದೆ ಎಂದು ಪಂಥ ಕಟ್ಟುತ್ತಿದ್ದರು. ಪಡುವಣ ಗೋಡೆ ಮಾತ್ರ ಆಟವಾಗಿರಲಿಲ್ಲ. ಕಡಲಿನಿಂದ ಬರುವ ಮಳೆಯ ಹೊಡೆತವೆಲ್ಲ ಅದಕ್ಕೆ. ಅದು ಹೊರಗೆ ಉಬ್ಬತೊಡಗಿತು. ಒಳಗಿನಿಂದ ನೋಡಿದರೆ ಗೋಡೆಗೂ ಪಕ್ಕಾಸಿಗೂ ನಡುವೆ ಕೈ ತೂರುವಷ್ಟು ಸಂದು. ಆ ಗೋಡೆಯ ಬುಡದಲ್ಲಿಯೇ ಅರೆಯುವ ಕಲ್ಲು. ಮಿಕ್ಸಿ ಇದ್ದರೂ ತಾಯಿ ಬೆಳಿಗ್ಗೆ ಅಲ್ಲಿಯೇ ಕೂರುವವರು.

ಮನೆ ಬಿಟ್ಟು ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಪೇಟೆಯಲ್ಲಿ 500 ರೂಪಾಯಿಗೆ, ಮಕ್ಕಳ ಕನ್ನಡ ಶಾಲೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಬಾವಿ ಇರುವ ಮನೆ ಇನ್ನೊಂದು ಇರಲಿಲ್ಲ. ಕೊಟ್ಟ ಮುಂಗಡ 5000 ರೂಪಾಯಿ ಧಣಿಗಳ ಕೈಯಲ್ಲಿತ್ತು. ಕನ್ನಡ ಮಾಧ್ಯಮದ ಶಾಲೆ ಎಲ್ಲಿ ಇದೆಯೋ ಅಲ್ಲಿ ಮನೆ ಹುಡುಕುವವರ ಪಾಡು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಮೈಲಿ ದೂರ ಸರಿದರೆ ಮಕ್ಕಳ ಭಾಷೆಯೇ ಬದಲಾಗುವ ಊರು ನಮ್ಮದು.

ಜುಲೈ ತಿಂಗಳ ಬಾಡಿಗೆಯ ದಿನ ನಾನು ಒಂದು ಮಾತು ಹೇಳಿದೆ: "ಧಣಿಗಳೇ, ನಿಮಗೆ ಪುರುಸೊತ್ತಿಲ್ಲದಿದ್ದರೆ ಬೇಡ. ಕೆಲಸ ನಾನೇ ಮಾಡಿಸುತ್ತೇನೆ. ಖರ್ಚನ್ನು ಬಾಡಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳುತ್ತೇನೆ."

ಎರಡು ವರ್ಷ 'ತೂಕ' ಎಂದವರು ಆ ದಿನ ಥಟ್ಟನೆ ಎದ್ದು ನಿಂತರು. "ಬೇಡ ಬೇಡ ಮಾಸ್ಟ್ರೇ, ನೀವು ಮುಟ್ಟಬೇಡಿ. ಒಂದು ಹೆಂಚೂ ಮುಟ್ಟಬೇಡಿ." ಬೆಲ್ಲದ ತುಂಡು ತಟ್ಟೆಯಲ್ಲೇ ಉಳಿಯಿತು. ಖರ್ಚು ತನ್ನದಲ್ಲ, ಓಡಾಟ ತನ್ನದಲ್ಲ, ಮನೆ ಗಟ್ಟಿಯಾಗುವುದು ತನ್ನದೇ. ಆದರೂ ಬೇಡ ಎನ್ನುವುದೆಂದರೇನು? ನನಗೆ ಸಿಟ್ಟು ಬಂತು. ಅರ್ಥ ಮಾಡಿಕೊಂಡದ್ದು ತಾಯಿ.

"ಅವರಿಗೆ ದುಡ್ಡಿನ ಆಸೆ ಅಲ್ಲ ಮಗಾ. ನಮ್ಮ ಹೆದರಿಕೆ" ಎಂದರು ಅವರು.

ತಾಯಿಯ ತವರು ಪೆರ್ಲದ ಕಡೆ. ಅಜ್ಜ ಚಾಲಗೇಣಿ ಒಕ್ಕಲು. ಮೂಲಗೇಣಿಯವರಿಗೆ ಜಾಗ ಸ್ಥಿರ. ಚಾಲಗೇಣಿಯವರದ್ದು ಧಣಿಯ ಮನಸ್ಸಿದ್ದಷ್ಟು ದಿನ. ಅಜ್ಜನ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮನೆಗೆ ಹೆಂಚು ಹಾಕಬೇಕೆಂದು ಕೇಳಿದರಂತೆ. ಧಣಿಗಳು ಒಪ್ಪಲಿಲ್ಲ. ಸೋಗೆ ಹೊದೆಸಿಕೊಂಡು ಇರು ಎಂದರು. ಸೋಗೆಯ ಕೆಳಗಿನವನನ್ನು ಎಬ್ಬಿಸಬಹುದು, ಹೆಂಚಿನ ಕೆಳಗಿನವನು ಬೇರು ಬಿಡುತ್ತಾನೆ ಎಂಬ ಲೆಕ್ಕ. ಕೇರಳದ ಭೂಸುಧಾರಣಾ ಕಾಯಿದೆ 1963ರದ್ದು. ಅದರ 1969ರ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಗೆ ಬಂದಾಗ ಗೇಣಿ ಎಂಬುದೇ ಇಲ್ಲದಾಗಿ, ಒಕ್ಕಲುಗಳಿಗೆ ಜಾಗದ ಪಟ್ಟೆ ಸಿಕ್ಕಿತು. ಅಜ್ಜನ ಮನೆಗೆ ಹೆಂಚು ಬಿದ್ದದ್ದು ಆ ಮೇಲೆ. ಇನ್ನೊಬ್ಬರ ಹಿತ್ತಿಲಿನಲ್ಲಿ ಗುಡಿಸಲು ಕಟ್ಟಿಕೊಂಡವರಿಗೂ ಕುಡಿಕಿಡಪ್ಪು ಹಕ್ಕು ಬಂತು: ಪಂಚಾಯತಿನಲ್ಲಾದರೆ ಹತ್ತು ಸೆಂಟ್ಸು, ಮುನಿಸಿಪಾಲಿಟಿಯಲ್ಲಾದರೆ ಐದು, ನಗರದಲ್ಲಾದರೆ ಮೂರು. ಆ ಗುಡಿಸಲನ್ನು ತನ್ನ ಖರ್ಚಿನಲ್ಲಿ ರಿಪೇರಿ ಮಾಡಿಕೊಳ್ಳುವ ಹಕ್ಕೂ ಅವರಿಗಿತ್ತು.

ಹೊಳೆಯ ಆಚೆಯ ನಮ್ಮ ಧಣಿಗಳ ಮನೆಯಲ್ಲಿ ಇದೇ ಕತೆ ತಲೆಕೆಳಗಾಗಿ ನಡೆದಿತ್ತು. ಅವರ ತಂದೆ ಹಿತ್ತಿಲಿನ ಮೂಲೆಯಲ್ಲಿದ್ದ ಒಬ್ಬನಿಗೆ, ನೀನೇ ಮಡಲು ಹೊದೆಸಿಕೋ ಎಂದು ಬಿಟ್ಟಿದ್ದರು. ಹತ್ತು ಸೆಂಟ್ಸು ಹೋಯಿತು. ಇದನ್ನು ಧಣಿಗಳೇ ನಂತರ ಹೇಳಿದರು. ನಮ್ಮ ಮನೆಯಲ್ಲಿ ಹಬ್ಬದ ದಿನ ಹೇಳುವ ಕಾಯಿದೆಯನ್ನು ಅವರ ಮನೆಯಲ್ಲಿ ಸೂತಕದ ದನಿಯಲ್ಲಿ ಹೇಳುತ್ತಿದ್ದರು. ಆ ಕಾಯಿದೆ ಅನ್ಯಾಯವೆಂದು ನಾನು ಹೇಳಲಾರೆ. ಅದರ ಅನ್ನ ಉಂಡವನು. ಆದರೆ ಗೇಣಿದಾರ ಮಾಡಿಗೆ ಕೈ ಹಾಕಿದ ಕೂಡಲೇ ಧಣಿಯ ಎದೆ ಯಾಕೆ ಹಾರುತ್ತದೆ ಎಂಬುದಕ್ಕೆ ಇಷ್ಟು ಹಿನ್ನೆಲೆ ಬೇಕು. ಬರಿಯ ಜಿಪುಣತನ ಎಂದು ಬೈದರೆ ಬೈದವನಿಗೆ ಸಮಾಧಾನ, ಮಾಡಿಗಲ್ಲ.

ವಿದ್ಯಾನಗರದ ಕೋರ್ಟಿಗೆ ಹೋಗಿ ಬರುವ ವಕೀಲ ಮಿತ್ರರೊಬ್ಬರನ್ನು ಕೇಳಿದೆ. ಅವರು ಮೊದಲು ನಕ್ಕರು. ಭೂಸುಧಾರಣಾ ಕಾಯಿದೆಯಿಂದ ಬರಿಯ ಕಟ್ಟಡದ ಬಾಡಿಗೆಯನ್ನು ಹೊರಗಿಟ್ಟಿದ್ದಾರೆ. ಕುಡಿಕಿಡಪ್ಪಿನ ಗುಡಿಸಲೆಂದರೆ ಕಟ್ಟುವಾಗ 750 ರೂಪಾಯಿಗಿಂತ ಹೆಚ್ಚು ಬೀಳದ್ದು, ಅಥವಾ ಆಗಿನ ಕಾಲಕ್ಕೆ ತಿಂಗಳಿಗೆ ಐದು ರೂಪಾಯಿಗಿಂತ ಹೆಚ್ಚು ಬಾಡಿಗೆ ಬಾರದ್ದು. ನಿಮ್ಮ ಮನೆಯ ಪಕ್ಕಾಸಿಗೆ ಒರಲೆ ಹಿಡಿದಿದ್ದರೂ ಅದು ಗುಡಿಸಲಲ್ಲ ಎಂದರು. ಧಣಿಗಳ ಹೆದರಿಕೆಗೆ ಕಾಯಿದೆಯ ಆಧಾರವಿಲ್ಲ. ಹಾಗೆಂದು ಹೆದರಿಕೆ ಹೋಗುತ್ತದೆಯೇ?

ಆಮೇಲೆ ಅವರು ಹೇಳಿದ್ದನ್ನು ನಾನು ಒಂದು ನೋಟು ಪುಸ್ತಕದಲ್ಲಿ ಬರೆದಿಟ್ಟೆ. ಬಾಡಿಗೆ ಮನೆಯಲ್ಲಿರುವ ನಮ್ಮವರಿಗೆ ಉಪಯೋಗವಾದೀತೆಂದು ಇಲ್ಲಿಯೂ ಬರೆಯುತ್ತೇನೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮಿನ ಪ್ರಕಾರ, ಧಣಿ ಮಾಡಿಸಲೇಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟು ತಕ್ಕ ಕಾಲ ಕಳೆದರೂ ಮಾಡಿಸದಿದ್ದರೆ ಬಾಡಿಗೆಯವನು ಮಾಡಿಸಿ, ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕೇರಳದ 1965ರ ಕಟ್ಟಡ ಬಾಡಿಗೆ ನಿಯಂತ್ರಣ ಕಾಯಿದೆ ಜಾರಿಯಲ್ಲಿರುವ ಪ್ರದೇಶಗಳಲ್ಲಿ 17ನೆಯ ಕಲಮು ಇದೆ. ಅದರಂತೆ ಅಕಾಮಡೇಶನ್ ಕಂಟ್ರೋಲರಿಗೆ ಅರ್ಜಿ ಕೊಟ್ಟರೆ ಅವರು ವಿಚಾರಣೆ ಮಾಡಿ, ಬಾಡಿಗೆಯವನೇ ರಿಪೇರಿ ಮಾಡಿಸಿ ಖರ್ಚು ಕಳೆಯಲಿ ಎಂದು ಆಜ್ಞೆ ಮಾಡಬಹುದು. ಆದರೆ ಎರಡು ಕಡೆ ಕಾಲು ಜಾರುವ ಸಂಭವ. ಸಿಟ್ಟಿನಿಂದ ಬಾಡಿಗೆ ನಿಲ್ಲಿಸಬಾರದು. ಬಾಕಿ ಬಾಡಿಗೆ ಎಬ್ಬಿಸುವುದಕ್ಕೆ ಒಂದು ಕಾರಣ. ಮನೆ ಈಗಲೋ ಆಗಲೋ ಬೀಳುತ್ತದೆ, ವಾಸಕ್ಕೇ ಯೋಗ್ಯವಲ್ಲ ಎಂದು ಕಾಗದದಲ್ಲಿ ಉತ್ಪ್ರೇಕ್ಷೆ ಮಾಡಲೂಬಾರದು. ಯಾಕೆಂದರೆ ಕಟ್ಟಡ ಕೆಡವಿ ಹೊಸತು ಕಟ್ಟಬೇಕಾದ ಸ್ಥಿತಿಯಲ್ಲಿದೆ ಎಂಬುದೂ ಎಬ್ಬಿಸುವುದಕ್ಕೆ ಇನ್ನೊಂದು ಕಾರಣ. ಹೊಸ ಕಟ್ಟಡದಲ್ಲಿ ಮೊದಲ ಅವಕಾಶ ಹಳೆಯ ಬಾಡಿಗೆಯವನಿಗೆ ಎಂದು ಕಾಯಿದೆ ಹೇಳುತ್ತದೆ. ಹೊಸ ಬಾಡಿಗೆ ಕೊಡಲು ಅವನಲ್ಲಿ ಹಣವಿರಬೇಕಷ್ಟೆ. ಎಲ್ಲಕ್ಕಿಂತ ಒಳ್ಳೆಯದು ಧಣಿಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳುವುದು ಎಂದು ವಕೀಲರು ಮುಗಿಸಿದರು. ಫೀಸು ಕೇಳಲಿಲ್ಲ.

ಕಾಗದ ಯಾವ ಭಾಷೆಯಲ್ಲಿ ಬರೆಯುವುದು? ಅಧ್ಯಾಪಕರ ಕೋಣೆಯಲ್ಲಿ ಇದರ ಬಗ್ಗೆ ಒಂದು ಮಧ್ಯಾಹ್ನವೆಲ್ಲ ಚರ್ಚೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಲ್ಲಿ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದಿದೆ. ಇದನ್ನು ನಾವು ಬಿಡಬಾರದು. ನಾನು ಈ ತನಕ ಕಚೇರಿಗೆ ಬೇರೆ ಭಾಷೆಯಲ್ಲಿ ಅರ್ಜಿ ಬರೆದವನಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು, "ಧಣಿಗೂ ಕನ್ನಡದಲ್ಲೇ ಹಾಕಿ ಮಾಸ್ಟ್ರೇ, ಓದಿಸಿಕೊಳ್ಳಲಿ" ಎಂದರು. ನಾನು ಒಪ್ಪಲಿಲ್ಲ. ಧಣಿ ಸರಕಾರವಲ್ಲ, ಎಪ್ಪತ್ತು ವರ್ಷದ ಒಬ್ಬ ಮುದುಕ. ಓದಲಾರದ ಕಾಗದ ಕೈಗೆ ಬಂದರೆ ಅವರ ಹೆದರಿಕೆ ಇಮ್ಮಡಿಯಾದೀತು. ಅದನ್ನು ಓದಿ ಹೇಳುವವನು ಏನು ಹೇಳುತ್ತಾನೋ ಯಾರು ಬಲ್ಲರು?

ಮಲಯಾಳ ವಿಭಾಗದ ಅಧ್ಯಾಪಿಕೆಯೊಬ್ಬರು ಬರೆದುಕೊಡಲು ಒಪ್ಪಿದರು. ನಾನು ಕನ್ನಡದಲ್ಲಿ ಹೇಳುವುದು, ಅವರು ಮಲಯಾಳದಲ್ಲಿ ಬರೆಯುವುದು. ಮೇಲೆ 'ಅಪೇಕ್ಷ' ಎಂದು ಬರೆದದ್ದನ್ನು ಓದಿ ಹೇಳಿದಾಗ ನಾನು ತಡೆದೆ. ಅಪೇಕ್ಷೆ ನನ್ನದಲ್ಲ, ಅದು ಗೋಡೆಯ ಅಗತ್ಯ ಎಂದೆ. ಅವರು ನಕ್ಕು, ಮಲಯಾಳದಲ್ಲಿ ಅಪೇಕ್ಷ ಎಂದರೆ ಅರ್ಜಿ ಎಂದು ತಿಳಿಸಿದರು. ಕನ್ನಡದಲ್ಲಿ ಬಯಕೆಯಾದದ್ದು ಆಚೆ ಮನೆಯಲ್ಲಿ ಅರ್ಜಿಯಾಗಿದೆ! 'ಒಡನೆ' ಎಂದು ನಾನು ಹೇಳಿದ್ದಕ್ಕೆ ಅವರು 'ಉಡನೆ' ಎಂದು ಬರೆದರು. ಅಲ್ಲಿ ಚರ್ಚೆ ಬೇಕಾಗಲಿಲ್ಲ.

ಕಾಗದದ ಕೊನೆಯ ಮಾತು ತಾಯಿಯದ್ದು. ಹೆದರಿಕೆ ಯಾವುದೆಂದು ಗೊತ್ತಿದ್ದ ಮೇಲೆ ಅದಕ್ಕೇ ಉತ್ತರ ಬರೆ ಎಂದಿದ್ದರು ಅವರು. ಆದ್ದರಿಂದ ಹೀಗೆ ಸೇರಿಸಿದೆವು: ರಿಪೇರಿ ನಾವು ಮಾಡಿಸಿದರೂ ಮನೆಯ ಮೇಲಾಗಲಿ ಹಿತ್ತಿಲಿನ ಮೇಲಾಗಲಿ ಬಾಡಿಗೆಯವರೆಂಬುದಕ್ಕಿಂತ ಹೆಚ್ಚಿನ ಹಕ್ಕನ್ನು ಎಂದೂ ಕೇಳುವುದಿಲ್ಲ, ಹಾಕಿದ ಮರ, ಕಲ್ಲು, ಹೆಂಚು ಎಲ್ಲ ಮನೆಯದ್ದೇ, ಖರ್ಚು ಮಾತ್ರ ಬಾಡಿಗೆಯಲ್ಲಿ ಕಳೆಯುವುದು. ಪ್ರತಿಯೊಂದನ್ನು ಇಟ್ಟುಕೊಂಡು ಎ.ಡಿ. ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ.

ಅಷ್ಟರಲ್ಲಿ ಆಟಿ ಹಿಡಿದಿತ್ತು. ಮಲಯಾಳದವರ ಕರ್ಕಟಕ ಇದೇ. ಅವರು ಪಂಞಮಾಸ ಎನ್ನುತ್ತಾರೆ. ಕಾಗದ ಧಣಿಗಳಿಗೆ ತಲುಪಿದ್ದು ಮಂಗಳವಾರ, ಗೋಡೆ ಬಿದ್ದದ್ದು ಬುಧವಾರ, ಧಣಿಗಳು ಬಂದದ್ದು ಗುರುವಾರ. ಆದ್ದರಿಂದ ಕಾಗದದ ಪ್ರಭಾವ ಎಷ್ಟು, ಗೋಡೆಯದ್ದು ಎಷ್ಟು ಎಂದು ನಾನು ಹೇಳಲಾರೆ. ಬುಧವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮಳೆ ಒಂದು ಕ್ಷಣ ಬಿಟ್ಟಿತ್ತು. ತಾಯಿ ಕಾಯಿ ಅರೆದು, ಕಲ್ಲು ತೊಳೆದು, ನೀರು ಚೆಲ್ಲಲೆಂದು ಬಾವಿಕಟ್ಟೆಯ ಕಡೆ ಹೋಗಿದ್ದರು. ದೊಡ್ಡ ಸದ್ದೇನೂ ಇಲ್ಲ. ಅಕ್ಕಿಯ ಮುಡಿ ಇಳಿಸಿದ ಹಾಗೆ ಒಂದು ಧಬ್ ಎಂಬ ಶಬ್ದ. ಎಂಟು ಅಡಿ ಗೋಡೆಯ ಮೇಲರ್ಧ ಒಳಗೇ ಕುಸಿದು ಅರೆಯುವ ಕಲ್ಲನ್ನು ಮುಚ್ಚಿತು. ಹೊರಕ್ಕೆ ಉಬ್ಬಿದ್ದ ಗೋಡೆ ಒಳಕ್ಕೆ ಬಿದ್ದದ್ದು ಹೇಗೆಂದು ಮೇಸ್ತ್ರಿ ಕೂಡ ತಲೆ ಕೆರೆದುಕೊಂಡ. ನಾನು ಶಾಲೆಯಿಂದ ಓಡಿ ಬಂದಾಗ ತಾಯಿ ಕೊಡಪಾನ ಹಿಡಿದುಕೊಂಡು ಅಂಗಳದಲ್ಲಿ ನಿಂತೇ ಇದ್ದರು. ಆ ದಿನ ಊಟ ಮಾಡಲಿಲ್ಲ. ಮರುದಿನದಿಂದ ಮಿಕ್ಸಿಗೆ ಒಪ್ಪಿದರು.

ಗುರುವಾರ ಧಣಿಗಳು ಮೊದಲ ಬಾರಿಗೆ ಅಡುಗೆಮನೆಯ ಒಳಗೆ ಬಂದು ಕಲ್ಲಿನ ರಾಶಿಯ ಮುಂದೆ ನಿಂತರು. ಮಾತು ಹೊರಡಲಿಲ್ಲ. ತುಂಬ ಹೊತ್ತಿನ ಮೇಲೆ ತಾಯಿಯ ಕಡೆ ತಿರುಗಿ, "ಅಮ್ಮಾ, ನೀವು ಎಲ್ಲಿದ್ದಿರಿ?" ಎಂದು ಮಾತ್ರ ಕೇಳಿದರು. ಜಗಲಿಗೆ ಬಂದು ಕುಳಿತು ತಮ್ಮ ತಂದೆಯ ಹತ್ತು ಸೆಂಟ್ಸಿನ ಕತೆಯನ್ನು ಹೇಳಿದ್ದು ಆಗ. ತಾಯಿ ತಮ್ಮ ಅಪ್ಪನ ಸೋಗೆ ಮನೆಯ ಕತೆ ಹೇಳಿದರು. ಇಬ್ಬರೂ ತುಳುವಿನಲ್ಲಿ. ನಾನು ಅದನ್ನು ಕೇಳುತ್ತ, ಟಾರ್ಪಾಲು ಕಟ್ಟುವ ಹಗ್ಗಕ್ಕೆ ಗಂಟು ಹಾಕುತ್ತಿದ್ದೆ.

ಒಪ್ಪಿಗೆ ಕಾಗದ ಎರಡು ಭಾಷೆಯಲ್ಲಿ, ಎರಡು ಪ್ರತಿ. ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ, ಈ ವಾರ್ಷಿಕದ ಪುಟಗಳ ಹಾಗೆಯೇ. ಧಣಿಗಳು ಮಲಯಾಳದಲ್ಲಿ ಸಹಿ ಹಾಕಿ, ಅಮ್ಮನದ್ದೂ ಬೇಕು ಎಂದರು. ಬಾಡಿಗೆ ಚೀಟಿ ನನ್ನ ಹೆಸರಿನಲ್ಲಿ ಇದ್ದರೂ ಅವರಿಗೆ ನಂಬಿಕೆ ಇದ್ದದ್ದು ತಾಯಿಯ ಮಾತಿನ ಮೇಲೆ.

ಆಟಿಯಲ್ಲಿ ಮಾಡು ಬಿಚ್ಚುವಂತಿಲ್ಲ. ಟಾರ್ಪಾಲಿನ ಕೆಳಗೆ ತಿಂಗಳು ಕಳೆದು, ಸೋಣದ ಬಿಸಿಲಿನಲ್ಲಿ ಕೆಲಸ ಮುಗಿಯಿತು. ಲೆಕ್ಕ ಹೀಗೆ: ಹೆಂಚು 200ಕ್ಕೆ 900 ರೂಪಾಯಿ, ಪಕ್ಕಾಸು ರೀಪಿನ ಮರ 2150, ಆಚಾರಿ ಮತ್ತು ಅವನ ಸಹಾಯಕನ ಮಜೂರಿ 1200, ಮುರಕಲ್ಲು 480, ಸಿಮೆಂಟು ಹೊಯ್ಗೆ 610, ಮೇಸ್ತ್ರಿ ಮತ್ತು ಆಳುಗಳು 1000. ಒಟ್ಟು 6340. ತಿಂಗಳಿಗೆ 250ರಂತೆ ಕಳೆಯುವುದೆಂದು ಒಪ್ಪಂದ. ಬಡ್ಡಿ ನಾನು ಕೇಳಲಿಲ್ಲ. ಧಣಿಗಳು ಬರುವುದನ್ನು ಬಿಡಲಿಲ್ಲ. ಅರ್ಧ ಬಾಡಿಗೆ ಎಣಿಸಿ, ಉಳಿದ ಅರ್ಧವನ್ನು ಚೀಟಿಯಲ್ಲಿ ಬರೆದು, ಬೆಲ್ಲ ತಿಂದು ಹೋಗುತ್ತಿದ್ದರು.

ಈಗಿನವರ ಮನೆಗೆ ಹೆಂಚಿಲ್ಲ, ಒರಲೆಯಿಲ್ಲ. ನನ್ನ ತಂಗಿಯ ಮಗಳು ವಿದ್ಯಾನಗರದ ಕಡೆ ಒಂದು ಫ್ಲಾಟಿನಲ್ಲಿದ್ದಾಳೆ. ಮೇಲಿನ ಮನೆಯ ಬಚ್ಚಲಿನ ನೀರು ಅವಳ ಸ್ಲ್ಯಾಬಿನಲ್ಲಿ ಇಳಿದು, ಲೈಟಿನ ಸ್ವಿಚ್ಚಿನ ಹತ್ತಿರ ಪಾಚಿ ಕಟ್ಟಿದೆ. ಫ್ಲಾಟಿನ ಧಣಿ ಗಲ್ಫಿನಲ್ಲಿ. ಅವಳು ವಾಟ್ಸಾಪಿನಲ್ಲಿ ಪಟ ಕಳುಹಿಸುತ್ತಾಳೆ, ಆಚೆಯಿಂದ ಹೆಬ್ಬೆರಳಿನ ಚಿತ್ರವೂ ಒಂದು 'ನೋಕ್ಕಾಂ' ಕೂಡ ಬರುತ್ತದೆ. ಕೇಂದ್ರ ಸರಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ, ಕಟ್ಟಡದ ಮುಖ್ಯ ಭಾಗದ ರಿಪೇರಿ, ಸುಣ್ಣಬಣ್ಣ ಧಣಿಯದ್ದು, ನಳ್ಳಿಯ ವಾಷರು ಬದಲಿಸುವಂಥದ್ದು ಬಾಡಿಗೆಯವರದ್ದು ಎಂದು ಪಟ್ಟಿಯೇ ಇದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ತಾನಾಗಿ ಕಾನೂನಲ್ಲ. ನಾನು ಅವಳಿಗೆ ಹೇಳಿದ್ದು ಹಳೆಯದನ್ನೇ: ಬಾಡಿಗೆ ನಿಲ್ಲಿಸಬೇಡ, ಒಂದು ಕಾಗದ ಬರೆ, ಆ ಸ್ವಿಚ್ಚು ಮುಟ್ಟಬೇಡ. ಮಲಯಾಳದಲ್ಲಿ ಬರೆಯಲು ಅವಳಿಗೆ ಯಾರ ಸಹಾಯವೂ ಬೇಕಾಗಿಲ್ಲ. ಕನ್ನಡದಲ್ಲಿ ಬರೆಯಲು ಬೇಕು. ಅದು ಬೇರೆಯೇ ಸಂಕಟ. ಇನ್ನೊಂದು ಸಂಚಿಕೆಗೆ ಇರಲಿ.

ನಮ್ಮ ಲೆಕ್ಕ 1999ರ ಅಕ್ಟೋಬರಿನಲ್ಲಿ ಮುಗಿಯಿತು. ಕೊನೆಯ ಕಂತು 90 ರೂಪಾಯಿ. ಅಂದು ಧಣಿಗಳು ಚೀಟಿಗಳನ್ನೆಲ್ಲ ಒಂದು ದಾರದಲ್ಲಿ ಕಟ್ಟಿ ಜೇಬಿಗಿಟ್ಟು, ಬಚ್ಚಲಿನ ಹಿಂದೆ ಒಂದು ಸುತ್ತು ಹೋಗಿ ಬಂದರು. ಅಲ್ಲಿ ಹನ್ನೊಂದು ಹೆಂಚು ಉಳಿದಿತ್ತು. 'ಇವು ಯಾರದ್ದು ಮಾಸ್ಟ್ರೇ?' ಎಂದು ಕೇಳಿದರು. ಒಪ್ಪಂದದ ಪ್ರಕಾರ ಹಾಕಿದ ಹೆಂಚು ಮನೆಯದ್ದು. ಹಾಕದೆ ಉಳಿದದ್ದರ ಬಗ್ಗೆ ಎರಡು ಭಾಷೆಯಲ್ಲೂ ಏನೂ ಬರೆದಿರಲಿಲ್ಲ. ಒಯ್ಯಿರಿ ಎಂದೆ. ಬಸ್ಸಿನಲ್ಲಿ ಹೇಗೆ ಒಯ್ಯುವುದು ಎಂದರು. ಅಲ್ಲಿಯೇ ಇರಲಿ, ಮುಂದಿನ ಸಲ ಕಾಯಿ ಬಿದ್ದರೆ ಬೇಕಾಗುತ್ತದೆ ಎಂದು ತಾಯಿ ಒಳಗಿನಿಂದ ಹೇಳಿದರು. ನಾವು ಮನೆ ಬಿಡುವ ಹೊತ್ತಿಗೆ ಅದರಲ್ಲಿ ಏಳು ಉಳಿದಿತ್ತು.